ನಿಮಗಿದು ಗೊತ್ತೇ? ಹೋಟೆಲ್ ಅಡುಗೆಮನೆಯ ಗ್ಯಾಸಿಗೆ ಸಹಿ ಹಾಕುವವರು ಯಾರು?

ಹೋಟೆಲ್ ತೆರೆಯಬೇಕೆಂದರೆ ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್ ಬೇಕು, ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಆದರೆ ‘ಈ ಅಡುಗೆಮನೆಯ ಗ್ಯಾಸ್ ವ್ಯವಸ್ಥೆಯನ್ನು ಪೂರ್ತಿ ನೋಡಿದ್ದೇನೆ, ಸರಿಯಾಗಿದೆ’ ಎಂದು ವರ್ಷಕ್ಕೊಮ್ಮೆ ಒಬ್ಬರು ಬಂದು ಒಂದೇ ಹಾಳೆಯಲ್ಲಿ ಬರೆದುಕೊಡುವ ಪ್ರಮಾಣಪತ್ರ ನಮ್ಮ ದೇಶದಲ್ಲಿ ಇಲ್ಲ. ಸಿಲಿಂಡರ್ ತೈಲ ಕಂಪನಿಯದು. ದಾಸ್ತಾನಿನ ಪರವಾನಗಿ ಪೆಸೊ ಸಂಸ್ಥೆಯದು. ಹೋಸ್ ಪೈಪು, ರೆಗ್ಯುಲೇಟರುಗಳ ಗುಣಮಟ್ಟ ಬಿಐಎಸ್‌ನದು. ಕಟ್ಟಡದ ಬೆಂಕಿ ಸುರಕ್ಷತೆ ಅಗ್ನಿಶಾಮಕ ಇಲಾಖೆಯದು. ಕೊಳವೆಯಲ್ಲಿ ಬರುವ ಅನಿಲವಾದರೆ ಪಿಎನ್‌ಜಿಆರ್‌ಬಿ ಎಂಬ ಮಂಡಳಿಯ ನಿಯಮ. ಇಷ್ಟೂ ಕಡೆಯ ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಬೇಕಾದವರು ಕಡೆಗೆ ಹೋಟೆಲಿನ ಯಜಮಾನರೇ. ಹಾಗೆ ನೋಡುವವರು ಕಡಿಮೆ.

100 ಕೆ.ಜಿ. ಈ ಅಂಕಿಯನ್ನು ಹೋಟೆಲ್, ಬೇಕರಿ, ಕಲ್ಯಾಣ ಮಂಟಪ, ಪಿ.ಜಿ. ನಡೆಸುವ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡಿರಬೇಕು. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಕೆ.ಜಿ.ವರೆಗೆ ಎಲ್‌ಪಿಜಿ ಇಟ್ಟುಕೊಳ್ಳಲು ಪೆಸೊ ಪರವಾನಗಿ ಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಬೇಕು. ಕಮರ್ಷಿಯಲ್ ಸಿಲಿಂಡರಿನಲ್ಲಿ ಇರುವುದು 19 ಕೆ.ಜಿ. ಐದು ಸಿಲಿಂಡರ್ ಇಟ್ಟರೆ 95 ಕೆ.ಜಿ., ಗಡಿಯ ಒಳಗೇ ಇದ್ದೀರಿ. ಆರನೆಯದು ಬಂದರೆ 114. ದೊಡ್ಡದಾದ 47.5 ಕೆ.ಜಿ.ಯ ಸಿಲಿಂಡರ್ ಆದರೆ ಎರಡಕ್ಕೇ 95 ಆಗಿಬಿಡುತ್ತದೆ. ಹಬ್ಬ, ಮದುವೆ ಸೀಸನ್‌ನಲ್ಲಿ ‘ಇರಲಿ’ ಎಂದು ಎರಡು ಮೂರು ಹೆಚ್ಚಿಗೆ ತರಿಸಿ ಹಿಂದಿನ ಓಣಿಯಲ್ಲಿ ನಿಲ್ಲಿಸಿದ ದಿನವೇ ನಿಮ್ಮ ಜಾಗ ಕಾನೂನಿನ ಲೆಕ್ಕದಲ್ಲಿ ಪರವಾನಗಿ ಇಲ್ಲದ ಗೋದಾಮು. ಸಿಲಿಂಡರ್ ದಾಸ್ತಾನಿಗೆ ಕೊಡುವ ಆ ಪರವಾನಗಿಗೆ ‘ಫಾರಂ ಎಫ್’ ಎಂದು ಹೆಸರು.

ಕಾನೂನು ಇಷ್ಟು ಬಿಗಿಯಾಗಿರುವುದಕ್ಕೆ ಹಳೆಯ ಕಾರಣವಿದೆ. ಈ ನಿಯಮಗಳೆಲ್ಲ ಹುಟ್ಟಿರುವುದು 1884ರ ಸ್ಫೋಟಕಗಳ ಕಾಯ್ದೆಯ ಅಡಿಯಲ್ಲಿ. ಒತ್ತಡದಲ್ಲಿ ಅನಿಲ ತುಂಬಿದ ಲೋಹದ ಸಿಲಿಂಡರನ್ನೂ ಸ್ಫೋಟಕವೆಂದೇ ಪರಿಗಣಿಸಬೇಕು ಎಂದು 1938ರಲ್ಲೇ ಅಧಿಸೂಚನೆ ಹೊರಟಿತ್ತು. ಕಾಯ್ದೆಯನ್ನು ಜಾರಿಮಾಡುವ ಪೆಸೊ ಶುರುವಾದದ್ದು 1898ರಲ್ಲಿ, ಕೇಂದ್ರ ಕಚೇರಿ ಇರುವುದು ನಾಗಪುರದಲ್ಲಿ.

ಸಿಲಿಂಡರಿಗೂ ಟ್ಯಾಂಕಿಗೂ ಗಡಿ ಎಲ್ಲಿ? 500 ಮಿಲಿಲೀಟರ್‌ಗಿಂತ ದೊಡ್ಡದು, 1000 ಲೀಟರ್ ಮೀರದ್ದು ಸಿಲಿಂಡರ್. 1000 ಲೀಟರ್ ದಾಟಿದರೆ ಅದು ‘ಪ್ರೆಷರ್ ವೆಸಲ್’. ದೊಡ್ಡ ಆಸ್ಪತ್ರೆ, ಸ್ಟಾರ್ ಹೋಟೆಲು, ಸಾವಿರಾರು ಮಂದಿಗೆ ಅಡುಗೆ ಮಾಡುವ ಕೇಂದ್ರೀಕೃತ ಪಾಕಶಾಲೆಗಳ ಹಿತ್ತಲಲ್ಲಿ ಬಿಳಿ ಬಣ್ಣದ ಟ್ಯಾಂಕ್ ಅಡ್ಡಡ್ಡ ಮಲಗಿರುವುದನ್ನು ನೋಡಿರುತ್ತೀರಿ. ಅದಕ್ಕೆ ನಿಯಮಾವಳಿಯೇ ಬೇರೆ, ಪರವಾನಗಿಯೇ ಬೇರೆ, ಪೆಸೊ ಮಾನ್ಯ ಮಾಡಿದ ‘ಸಮರ್ಥ ವ್ಯಕ್ತಿ’ಯ ಪ್ರಮಾಣಪತ್ರವೂ ಬೇಕು.

ಗ್ಯಾಸ್ ಬ್ಯಾಂಕ್ ಎಂದು ನಾವು ಕರೆಯುವ ಮ್ಯಾನಿಫೋಲ್ಡ್ ವ್ಯವಸ್ಥೆಗೆ, ಅಂದರೆ ಹಲವು ಸಿಲಿಂಡರುಗಳನ್ನು ಒಂದೇ ಕೊಳವೆಗೆ ಜೋಡಿಸಿ ಒಳಗಿನ ಒಲೆಗಳಿಗೆ ಗ್ಯಾಸ್ ಕೊಡುವ ಏರ್ಪಾಟಿಗೆ, ಎರಡು ಮಾನಕಗಳಿವೆ. ಒಂದು ಬಿಐಎಸ್‌ನ ಐಎಸ್ 6044, ಇನ್ನೊಂದು ತೈಲೋದ್ಯಮದ ಒಐಎಸ್‌ಡಿ 162. ಹೊಸದಾಗಿ ಗ್ಯಾಸ್ ಬ್ಯಾಂಕ್ ಹಾಕಿಸುವವರು ಗುತ್ತಿಗೆದಾರರ ಬಳಿ ‘ಎಷ್ಟಾಗುತ್ತೆ’ ಎಂದು ಕೇಳುವುದಕ್ಕೆ ಮೊದಲು ‘ಈ ಎರಡಕ್ಕೂ ಸರಿಹೊಂದುತ್ತೆ ಎಂದು ಬರೆದುಕೊಡ್ತೀರಾ, ಕೊಳವೆಯ ಒತ್ತಡ ಪರೀಕ್ಷೆಯ ವರದಿ ಕೊಡ್ತೀರಾ’ ಎಂದು ಕೇಳಬೇಕು. ಬರೆದುಕೊಡಲು ಹಿಂಜರಿಯುವವರಿಗೆ ಕೆಲಸ ಕೊಡಬೇಡಿ.

ಎಲ್‌ಪಿಜಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗಿಗೆ ಬಡಿಯುವ ಆ ನಾತ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್‌ನದು. ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಐದನೇ ಒಂದು ಭಾಗದಷ್ಟು ಸೋರಿದಾಗಲೇ ಮೂಗಿಗೆ ತಿಳಿಯಬೇಕು ಎಂಬ ಲೆಕ್ಕದಲ್ಲಿ ಅದನ್ನು ಬೆರೆಸುತ್ತಾರೆ. ಈ ಪದ್ಧತಿ ಕಡ್ಡಾಯವಾಗಲು ಕಾರಣವಾದ ದುರಂತ ಅಮೆರಿಕದ ಟೆಕ್ಸಸ್‌ನಲ್ಲಿ ನಡೆಯಿತು. 1937ರ ಮಾರ್ಚ್ 18ರಂದು ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದೆ ತುಂಬಿಕೊಂಡು ಸ್ಫೋಟಿಸಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು.

ಅಡುಗೆಮನೆಯಲ್ಲಿ ಹೊತ್ತುಗಟ್ಟಲೆ ನಿಂತವರ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ಒಗ್ಗರಣೆಯ ಘಾಟು, ಈರುಳ್ಳಿ, ಬೆಳ್ಳುಳ್ಳಿಯ ನಡುವೆ ಸಣ್ಣ ಸೋರಿಕೆ ಗೊತ್ತಾಗುವುದೂ ಕಷ್ಟ. ಹೊರಗಿನಿಂದ ಬಂದ ತರಕಾರಿಯವರು ‘ಏನೋ ವಾಸನೆ ಬರ್ತಿದೆಯಲ್ಲ’ ಎಂದರೆ ಆ ಮಾತನ್ನು ತಳ್ಳಿಹಾಕಬೇಡಿ.

ಎಲ್‌ಪಿಜಿ ಗಾಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಅದು ನೆಲಕ್ಕಿಳಿಯುತ್ತದೆ, ಚರಂಡಿ ಹುಡುಕುತ್ತದೆ, ಮೆಟ್ಟಿಲಿಳಿದು ಬೇಸ್‌ಮೆಂಟಿನಲ್ಲಿ ತಂಗುತ್ತದೆ. ಗ್ಯಾಸ್ ಉರಿಸುವ ಅಡುಗೆಮನೆ ನೆಲಮಾಳಿಗೆಯಲ್ಲಿ ಇರಕೂಡದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಇದಕ್ಕೇ. ಕೊಳವೆಯಲ್ಲಿ ಬರುವ ಪಿಎನ್‌ಜಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಹಾಗಾಗಿ ಗ್ಯಾಸ್ ಡಿಟೆಕ್ಟರ್ ಎಲ್‌ಪಿಜಿಗಾದರೆ ನೆಲದಿಂದ ಸುಮಾರು ಒಂದಡಿ ಎತ್ತರದಲ್ಲಿರಬೇಕು, ಪಿಎನ್‌ಜಿಗಾದರೆ ಚಾವಣಿಯ ಹತ್ತಿರ. ಬೆಂಗಳೂರಿನಲ್ಲಿ ಹಲವು ಹೋಟೆಲುಗಳು ಈಗ ಸಿಲಿಂಡರ್ ಬಿಟ್ಟು ಗೇಲ್ ಗ್ಯಾಸ್‌ನ ಕೊಳವೆ ಸಂಪರ್ಕಕ್ಕೆ ಬಂದಿವೆ. ಒಲೆಯ ಜೆಟ್ ಬದಲಾಯಿಸುವಾಗಲೇ ಡಿಟೆಕ್ಟರನ್ನೂ ಸ್ಥಳಾಂತರಿಸಬೇಕು. ನೆಲದ ಹತ್ತಿರವೇ ಉಳಿದ ಡಿಟೆಕ್ಟರ್ ಪಿಎನ್‌ಜಿ ಸೋರಿದರೆ ಕೂಗುವ ಹೊತ್ತಿಗೆ ಕೂಗುವುದಿಲ್ಲ.

ಎಷ್ಟು ಸೋರಿದರೆ ಅಪಾಯ? ಲೆಕ್ಕ ಹಾಕಿ ನೋಡಿ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಅಡುಗೆಮನೆಯಲ್ಲಿ 60 ಘನ ಮೀಟರ್ ಗಾಳಿ ಇರುತ್ತದೆ. ಗಾಳಿಯಲ್ಲಿ ಶೇ 1.8ರಷ್ಟು ಎಲ್‌ಪಿಜಿ ಸೇರಿದರೆ ಒಂದು ಕಿಡಿ ಸಾಕು. ಅಂದರೆ ಒಂದು ಘನ ಮೀಟರ್ ಚಿಲ್ಲರೆ ಅನಿಲ. ತೂಕದಲ್ಲಿ ಎರಡೂವರೆ ಕೆ.ಜಿ.ಗೂ ಕಡಿಮೆ. ಇದು ಕೋಣೆಯ ತುಂಬ ಸಮನಾಗಿ ಬೆರೆತರೆ ಆಗುವ ಲೆಕ್ಕ. ವಾಸ್ತವದಲ್ಲಿ ಅನಿಲ ನೆಲದ ಮೇಲೇ ಹರಡಿಕೊಳ್ಳುವುದರಿಂದ ಇದಕ್ಕಿಂತ ಬಹಳ ಕಡಿಮೆಗೇ ನೆಲಮಟ್ಟದಲ್ಲಿ ಬೆಂಕಿ ಹೊತ್ತೀತು. ತುಂಬಿದ ಒಂದು ಕಮರ್ಷಿಯಲ್ ಸಿಲಿಂಡರಿನಲ್ಲಿ ಅದರ ಏಳೆಂಟು ಪಟ್ಟು ಇದೆ.

ಶೇ 9.5 ದಾಟಿದರೆ ಎಲ್‌ಪಿಜಿ ಹೊತ್ತಿಕೊಳ್ಳುವುದಿಲ್ಲ. ಇದನ್ನು ಕೇಳಿ ಯಾರೂ ಸಮಾಧಾನ ಪಡಬಾರದು. ಅಷ್ಟು ಅನಿಲ ತುಂಬಿದ ಕೋಣೆಯ ಬಾಗಿಲು ತೆರೆದರೆ ಹೊರಗಿನ ಗಾಳಿ ಬೆರೆತು ಪ್ರಮಾಣ ಇಳಿಯುತ್ತದೆ, ಹೊತ್ತುವ ಹಂತಕ್ಕೆ ಬರುತ್ತದೆ. ಸೋರಿಕೆ ಕಂಡಾಗ ಎಕ್ಸಾಸ್ಟ್ ಫ್ಯಾನ್ ಹಾಕಬೇಡಿ, ಉರಿಯುತ್ತಿರುವ ದೀಪ ಆರಿಸಲೂಬೇಡಿ ಎನ್ನುವುದು ಸ್ವಿಚ್ಚಿನೊಳಗೆ ಏಳುವ ಕಿಡಿಯ ಕಾರಣಕ್ಕೆ.

ಸಿಲಿಂಡರಿಗೂ ಪರೀಕ್ಷೆಯ ಗಡುವು ಉಂಟು. ಮೇಲಿನ ಹಿಡಿಯನ್ನು ಹೊತ್ತು ನಿಂತಿರುವ ಮೂರು ಲೋಹದ ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ‘ಸಿ 27’ ಎಂದಿದ್ದರೆ 2027ರ ಸೆಪ್ಟೆಂಬರ್ ಮುಗಿಯುವುದರೊಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಗಡುವು ಮುಗಿದದ್ದನ್ನು ಇಳಿಸಿಕೊಳ್ಳಬೇಡಿ. ಹಿಂದಕ್ಕೆ ಕಳಿಸುವ ಹಕ್ಕು ನಿಮಗಿದೆ. ಮನೆಯಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಿಲಿಂಡರ್ ಬರುತ್ತದೆ, ಹೋಟೆಲಿನಲ್ಲಿ ದಿನಕ್ಕೆ ಮೂರು ನಾಲ್ಕು. ಬೆಳಗಿನ ಇಡ್ಲಿ ಗಡಿಬಿಡಿಯಲ್ಲಿ ಇಳಿಸಿಕೊಳ್ಳುವ ಹುಡುಗನಿಗೆ ಈ ಅಕ್ಷರ ಓದಲು ಹೇಳಿಕೊಟ್ಟಿದ್ದೀರಾ?

ಹೋಸ್ ಪೈಪಿಗೂ ಆಯುಸ್ಸು ಇದೆ. ಐಎಸ್ 9573 ಮುದ್ರೆಯ ಸುರಕ್ಷಾ ಹೋಸ್ ಮಾತ್ರ ಬಳಸಬೇಕು, ಐದು ವರ್ಷಕ್ಕೆ ಬದಲಾಯಿಸಬೇಕು ಎಂಬುದು ಸಾಮಾನ್ಯ ಸೂಚನೆ. ಹೋಟೆಲ್ ಅಡುಗೆಮನೆಯಲ್ಲಿ ಅದು ಎಣ್ಣೆ ಕುಡಿಯುತ್ತದೆ, ಬಿಸಿ ಬಾಂಡಲಿಗೆ ತಾಗುತ್ತದೆ, ರಾತ್ರಿ ಇಲಿಯ ಬಾಯಿಗೆ ಸಿಗುತ್ತದೆ. ಐದು ವರ್ಷ ಕಾಯಬೇಕಾಗಿಲ್ಲ. ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅಂದೇ ಬದಲಾಯಿಸಿ.

ಇನ್ನು ನಾನು ಬಹಳ ಕಡೆ ಕಂಡ, ಕಂಡಾಗಲೆಲ್ಲ ಎದೆ ಧಸಕ್ಕೆಂದ ಒಂದು ಅಭ್ಯಾಸ. ದೊಡ್ಡ ಭಟ್ಟಿ ಒಲೆಗೆ ಒಂದೇ ಸಿಲಿಂಡರ್ ಜೋಡಿಸಿ ಗಂಟೆಗಟ್ಟಲೆ ಉರಿಸಿದಾಗ ಸಿಲಿಂಡರಿನ ಹೊರಮೈ ಬೆವರುತ್ತದೆ, ಕೆಳಗಡೆ ಹಿಮ ಕಟ್ಟುತ್ತದೆ, ಉರಿ ಕುಗ್ಗುತ್ತದೆ. ದ್ರವ ಅನಿಲವಾಗಲು ಶಾಖ ಬೇಕು. ಅದನ್ನು ಅದು ತನ್ನ ಮೈಯಿಂದ, ಸಿಲಿಂಡರಿನ ಗೋಡೆಯಿಂದ ಎಳೆದುಕೊಳ್ಳುತ್ತದೆ. ಎಳೆದುಕೊಂಡಷ್ಟು ವೇಗದಲ್ಲಿ ಹೊರಗಿನ ಗಾಳಿ ಶಾಖ ಒದಗಿಸಲಾರದು. ಆಗ ಅಡುಗೆಯವರು ಮಾಡುವುದು ಎರಡು. ಒಂದೋ ಸಿಲಿಂಡರನ್ನು ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ, ಇಲ್ಲವೇ ಅಡ್ಡ ಮಲಗಿಸಿ ಉರುಳಿಸುತ್ತಾರೆ. ಅಡ್ಡ ಮಲಗಿಸಿದರೆ ವಾಲ್ವಿನ ಮೂಲಕ ಅನಿಲದ ಬದಲು ದ್ರವವೇ ಹೊರಟು ರೆಗ್ಯುಲೇಟರಿಗೆ, ಹೋಸಿಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಒಲೆಯ ಬಾಯಲ್ಲಿ ಉರಿ ಒಮ್ಮೆಲೇ ಆಳೆತ್ತರ ಏಳುವುದು ಹೀಗೆ. ಎಲ್‌ಪಿಜಿ ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು ಎಂಬ ನಿಯಮ ಇರುವುದು ಇದಕ್ಕೆ. ಹಿಮ ಕಟ್ಟುತ್ತಿದೆ ಎಂದರೆ ನಿಮ್ಮ ಒಲೆಯ ಹಸಿವಿಗೆ ಸಿಲಿಂಡರ್ ಸಾಲುತ್ತಿಲ್ಲ ಎಂದರ್ಥ. ಎರಡನ್ನೋ ಮೂರನ್ನೋ ಮ್ಯಾನಿಫೋಲ್ಡಿಗೆ ಜೋಡಿಸಿ ಒಟ್ಟಿಗೆ ಎಳೆದರೆ ಯಾವುದೂ ಹೆಪ್ಪುಗಟ್ಟುವುದಿಲ್ಲ.

ಮನೆಯ 14.2 ಕೆ.ಜಿ.ಯ ಕೆಂಪು ಸಿಲಿಂಡರನ್ನು ಹೋಟೆಲಿನಲ್ಲಿ ಬಳಸುವುದು 2000ನೇ ಇಸವಿಯ ಎಲ್‌ಪಿಜಿ ಆದೇಶದ ಉಲ್ಲಂಘನೆ. ಆ ಆದೇಶ ಅಗತ್ಯ ವಸ್ತುಗಳ ಕಾಯ್ದೆಯ ಅಡಿಯಲ್ಲಿದೆ, ಜೈಲು ಶಿಕ್ಷೆಗೂ ಅವಕಾಶವಿದೆ. ಕಮರ್ಷಿಯಲ್ ಗ್ಯಾಸಿಗೆ ಜಿಎಸ್‌ಟಿ ಶೇ 18, ಮನೆಯದಕ್ಕೆ ಶೇ 5. ಬೆಲೆಯ ಅಂತರ ದೊಡ್ಡದು, ಆಸೆಯೂ ಸಹಜ. ಆದರೆ ಮನೆಯ ರೆಗ್ಯುಲೇಟರ್ ಸಣ್ಣ ಒಲೆಯ ಕಡಿಮೆ ಒತ್ತಡಕ್ಕೆ ಮಾಡಿದ್ದು. ಭಟ್ಟಿಗೆ ಅದು ಸಾಲುವುದಿಲ್ಲ, ಹಾಗಾಗಿ ಅದನ್ನು ಕಿತ್ತು ಇನ್ನೇನನ್ನೋ ತುರುಕುತ್ತಾರೆ. ಕಾನೂನು ಮುರಿದ ಜಾಗದಲ್ಲೇ ಸುರಕ್ಷತೆಯೂ ಮುರಿಯುತ್ತದೆ.

ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಗ್ಯಾಸ್ ತುಂಬಿಸುವುದು ಅದಕ್ಕಿಂತ ದೊಡ್ಡ ಅಪರಾಧ, ಅದಕ್ಕಿಂತ ದೊಡ್ಡ ಅಪಾಯ. ತಳ್ಳುಗಾಡಿಯ ಬಡ ವ್ಯಾಪಾರಿಗಳು ಇದಕ್ಕೆ ಸಿಕ್ಕಿಬೀಳುವುದು ಬೇರೆ ದಾರಿ ಗೊತ್ತಿಲ್ಲದೆ. ದಾರಿ ಇದೆ. ತೈಲ ಕಂಪನಿಗಳೇ 5 ಕೆ.ಜಿ.ಯ ಸಿಲಿಂಡರ್ ಮಾರುತ್ತವೆ. ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ದಾಖಲೆ ಬೇಕಿಲ್ಲ. ಇಂಡಿಯನ್ ಆಯಿಲ್ ಅದಕ್ಕೆ ‘ಛೋಟು’ ಎಂದು ಹೆಸರಿಟ್ಟಿದೆ. ನಿಮ್ಮ ಬೀದಿಯ ಇಡ್ಲಿ ಗಾಡಿಯವರಿಗೆ ಇದನ್ನು ತಿಳಿಸಿ.

ಹೊರದೇಶದಲ್ಲಿ ಹೇಗೆ? ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸಕ್ಕೆ ಕೈಹಾಕುವವರು ‘ಗ್ಯಾಸ್ ಸೇಫ್ ರಿಜಿಸ್ಟರ್’ನಲ್ಲಿ ಹೆಸರು ಇರುವವರೇ ಆಗಿರಬೇಕು. ಅವರ ಬಳಿ ಗುರುತಿನ ಕಾರ್ಡ್ ಇರುತ್ತದೆ. ಯಾವ ಯಾವ ಉಪಕರಣ ಮುಟ್ಟಲು ಅರ್ಹರು ಎಂಬುದು ಅದರ ಹಿಂಬದಿಯಲ್ಲಿ ಇರುತ್ತದೆ. ಮನೆಯ ಒಲೆ ಜೋಡಿಸಲು ಅರ್ಹರಾದ ಮಾತ್ರಕ್ಕೆ ಹೋಟೆಲಿನ ಒಲೆ ಮುಟ್ಟುವಂತಿಲ್ಲ, ಅದಕ್ಕೆ ಪ್ರತ್ಯೇಕ ಪರೀಕ್ಷೆ ಪಾಸಾಗಿರಬೇಕು. ಬಾಡಿಗೆಗೆ ಕೊಟ್ಟ ಮನೆಯಾದರೆ 12 ತಿಂಗಳಿಗೊಮ್ಮೆ ತಪಾಸಣೆ ಕಡ್ಡಾಯ.

ಅಲ್ಲೂ ಹೋಟೆಲು, ಅಂಗಡಿಗಳಿಗೆ ಇಷ್ಟೇ ತಿಂಗಳಿಗೆ ಪ್ರಮಾಣಪತ್ರ ಎಂದು ಕಾನೂನು ಬರೆದಿಲ್ಲ. ‘ಸುರಕ್ಷಿತ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಉದ್ಯೋಗದಾತರ ಕರ್ತವ್ಯ’ ಎಂದಷ್ಟೇ 1998ರ ನಿಯಮ ಹೇಳುತ್ತದೆ. ಆದರೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ರೂಢಿ ಗಟ್ಟಿಯಾಗಿ ಬೇರೂರಿದೆ. ವರದಿಯಿಲ್ಲದವರನ್ನು ವಿಮಾ ಕಂಪನಿಗಳು ಪ್ರಶ್ನಿಸುತ್ತವೆ. ಹೊಸ ಅಡುಗೆಮನೆಗಳಲ್ಲಿ ಇನ್ನೊಂದು ಏರ್ಪಾಟೂ ಇದೆ: ಹೊಗೆ ಎಳೆಯುವ ಫ್ಯಾನ್ ನಿಂತರೆ ಒಲೆಗೆ ಬರುವ ಗ್ಯಾಸೂ ತಾನಾಗಿ ನಿಲ್ಲುತ್ತದೆ. ಗಾಳಿಯಾಡದ ಅಡುಗೆಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬದಿರಲಿ ಎಂದು. ಆ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಅದಕ್ಕೆ ಯಾರೂ ಮರ್ಕ್ಯಾಪ್ಟನ್ ಬೆರೆಸುವುದೂ ಇಲ್ಲ.

ಆ ದೇಶ ಇದನ್ನು ಕಲಿತದ್ದು ಪೆಟ್ಟು ತಿಂದೇ. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದಲ್ಲಿ, 18ನೇ ಮಹಡಿಯ ಮನೆಯೊಂದರಲ್ಲಿ, ಬೆಳಗಿನ ಚಹಾಕ್ಕೆ ಕಡ್ಡಿ ಗೀರಿದಾಗ ಸ್ಫೋಟವಾಗಿ ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೂ ಕುಸಿಯಿತು. ನಾಲ್ವರು ಸತ್ತರು. ಗ್ಯಾಸ್ ಸೋರಿದ್ದು ಒಲೆಯ ಹೋಸನ್ನು ಕೊಳವೆಗೆ ಜೋಡಿಸುವ ಕಳಪೆ ಹಿತ್ತಾಳೆ ನಟ್ಟಿನಿಂದ. ಗ್ಯಾಸ್ ಕೆಲಸದವರ ನೋಂದಣಿಗೆಂದು ‘ಕೊರ್ಗಿ’ ಸಂಸ್ಥೆ 1970ರಲ್ಲಿ ಹುಟ್ಟಿದ್ದು ಈ ದುರಂತದ ನಂತರ. 2009ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್ ಬಂತು.

ವಾಣಿಜ್ಯ ಸ್ಥಳಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠ ಸ್ಕಾಟ್ಲೆಂಡಿನ ಗ್ಲಾಸ್ಗೋದ್ದು. 2004ರ ಮೇ 11ರಂದು ಅಲ್ಲಿನ ಪ್ಲಾಸ್ಟಿಕ್ ಕಾರ್ಖಾನೆಯೊಂದು ಸ್ಫೋಟಿಸಿ ಒಂಬತ್ತು ಮಂದಿ ಸತ್ತರು. ಟ್ಯಾಂಕಿನಿಂದ ಕಟ್ಟಡಕ್ಕೆ ಎಲ್‌ಪಿಜಿ ತರುವ ಕಬ್ಬಿಣದ ಕೊಳವೆ 1969ರದು. ಮಣ್ಣಿನಡಿ ಹೂತುಹೋದ ಆ ಕೊಳವೆ ವರ್ಷಗಟ್ಟಲೆ ತುಕ್ಕು ತಿಂದು ಬಿರಿಯಿತು, ಗ್ಯಾಸ್ ನೆಲಮಾಳಿಗೆ ಸೇರಿತು. 1980ರ ದಶಕದ ಕೊನೆಯಲ್ಲೇ ಸರ್ಕಾರಿ ತಪಾಸಕರು ಅದನ್ನು ಅಗೆದು ನೋಡುವ ಮಾತೆತ್ತಿದ್ದರು. ಅಗೆಯಲಿಲ್ಲ. ಈ ದುರಂತದ ಬಗ್ಗೆ ನ್ಯಾಯಾಧೀಶ ಲಾರ್ಡ್ ಗಿಲ್ ನಡೆಸಿದ ವಿಚಾರಣೆಯ ನಂತರ ಅಲ್ಲಿ ಹೂತಿಟ್ಟ ಲೋಹದ ಎಲ್‌ಪಿಜಿ ಕೊಳವೆಗಳನ್ನು ಬದಲಾಯಿಸುವ ಕೆಲಸ ದೇಶದಾದ್ಯಂತ ನಡೆಯಿತು. ನಿಮ್ಮ ಗ್ಯಾಸ್ ಬ್ಯಾಂಕಿನಿಂದ ಅಡುಗೆಮನೆಗೆ ಬರುವ ಕೊಳವೆ ಪೂರ್ತಿ ಕಣ್ಣಿಗೆ ಕಾಣುತ್ತದೆಯೇ? ಟೈಲ್ಸಿನ ಅಡಿ, ಕಾಂಕ್ರೀಟಿನ ಒಳಗೆ ಮಾಯವಾಗಿದ್ದರೆ ಇವತ್ತೇ ಪ್ರಶ್ನೆ ಕೇಳಿ.

2023ರ ಜೂನ್ 21ರ ರಾತ್ರಿ ಚೀನಾದ ಯಿನ್‌ಚುವಾನ್ ನಗರದ ಬಾರ್ಬೆಕ್ಯೂ ರೆಸ್ಟೋರೆಂಟ್ ಸ್ಫೋಟಿಸಿ 31 ಮಂದಿ ಸತ್ತರು. ಮಾರನೆಯ ದಿನ ಹಬ್ಬ, ಗಿರಾಕಿಗಳು ಕಿಕ್ಕಿರಿದಿದ್ದರು. ಸುಮಾರು ಒಂದು ಗಂಟೆ ಮುಂಚೆಯೇ ಸಿಬ್ಬಂದಿಗೆ ವಾಸನೆ ಬಡಿದಿತ್ತು. ಸಿಲಿಂಡರಿನ ವಾಲ್ವ್ ಹಾಳಾಗಿದೆ ಎಂದು ಕಂಡುಕೊಂಡು ಹೊಸದು ತರಲು ಒಬ್ಬರನ್ನು ಕಳಿಸಿದರು. ಗಿರಾಕಿಗಳನ್ನು ಹೊರಗೆ ಕಳಿಸಲಿಲ್ಲ. ವಾಲ್ವ್ ಬದಲಾಯಿಸುವಾಗಲೇ ಸ್ಫೋಟವಾಯಿತು. ಗ್ಯಾಸ್ ಬಳಸುವ ಹೋಟೆಲುಗಳು ಸೋರಿಕೆ ಅಲಾರಂ ಇಟ್ಟುಕೊಳ್ಳುವುದು ಕಡ್ಡಾಯ ಎಂಬ ಕಾನೂನು ಅಲ್ಲಿ 2021ರ ಸೆಪ್ಟೆಂಬರಿನಿಂದಲೇ ಜಾರಿಯಲ್ಲಿತ್ತು.

ನಮ್ಮಲ್ಲಿ ಅತ್ಯಂತ ಅನಾಥವಾಗಿರುವುದು ಕಲ್ಯಾಣ ಮಂಟಪದ ಅಡುಗೆಮನೆ. ಜಾಗ ಮಂಟಪದವರದು, ಒಲೆ ಅಡುಗೆ ಗುತ್ತಿಗೆದಾರರದು, ಸಿಲಿಂಡರ್ ಒಮ್ಮೊಮ್ಮೆ ಮದುವೆ ಮನೆಯವರದು. ಇಟ್ಟಿಗೆಯ ಮೇಲೆ ಕೂರಿಸಿದ ಭಟ್ಟಿ, ಒಂದಕ್ಕೊಂದು ತಂತಿ ಬಿಗಿದು ಉದ್ದ ಮಾಡಿದ ಹೋಸ್, ಅದನ್ನು ದಾಟಿಕೊಂಡು ಓಡಾಡುವ ಬಡಿಸುವ ಹುಡುಗರು. ಒಲೆ ಹಚ್ಚುವ ಮುನ್ನ ಸೋಪಿನ ನೀರನ್ನು ಪ್ರತಿ ಜೋಡಣೆಗೆ ಸವರಿ ನೋಡಲು ಎರಡು ನಿಮಿಷ ಸಾಕು. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವ ಹಳೆಯ ಅಭ್ಯಾಸ ಇನ್ನೂ ಸತ್ತಿಲ್ಲ. ಅದನ್ನು ಕಂಡಲ್ಲೇ ತಡೆಯಿರಿ.

ಖಾಲಿ ಸಿಲಿಂಡರ್ ಖಾಲಿಯಲ್ಲ, ಒಳಗೆ ಅನಿಲ ಉಳಿದೇ ಇರುತ್ತದೆ. ಕ್ಯಾಪ್ ಹಾಕಿ, ನೆಟ್ಟಗೆ, ಗಾಳಿಯಾಡುವ ಕಡೆ ಇಡಿ.

ಟ್ರೇಡ್ ಲೈಸೆನ್ಸ್ ನವೀಕರಣಕ್ಕೆ ಬರುವವರಿಂದ ಒಂದು ಗ್ಯಾಸ್ ತಪಾಸಣೆ ವರದಿಯನ್ನೂ ಕೇಳುವುದು ನಮ್ಮ ನಗರಸಭೆ, ಪಾಲಿಕೆಗಳಿಗೆ ಅಸಾಧ್ಯವೇನಲ್ಲ. ಸಿಲಿಂಡರುಗಳ ಎಣಿಕೆ, ಹೋಸಿನ ವಯಸ್ಸು, ಕೊಳವೆಯ ಒತ್ತಡ ಪರೀಕ್ಷೆ, ಡಿಟೆಕ್ಟರ್ ಇರುವ ಎತ್ತರ, ನೋಡಿದವರ ಹೆಸರು ಮತ್ತು ಸಹಿ, ಒಂದು ಪುಟ ಸಾಕು. ಇದು ಆಗಲೇಬೇಕು. ಆಗುವವರೆಗೆ ಹೋಟೆಲ್ ಮಾಲೀಕರ ಸಂಘಗಳು ತಾವೇ ಈ ಪದ್ಧತಿ ಶುರುಮಾಡಬಹುದು, ತಡೆಯುವ ಕಾನೂನು ಯಾವುದೂ ಇಲ್ಲ.

ಎಲ್‌ಪಿಜಿ ಸೋರಿಕೆಗೆ ದೇಶದಾದ್ಯಂತ ಕರೆ ಮಾಡಬೇಕಾದ ಸಂಖ್ಯೆ 1906, ದಿನದ 24 ಗಂಟೆಯೂ. ಅಡುಗೆಮನೆಯ ಬಾಗಿಲ ಹೊರಗೆ, ಕನ್ನಡದಲ್ಲಿ, ಜೊತೆಗೆ ನಿಮ್ಮ ಅಡುಗೆಯವರು ಓದಬಲ್ಲ ಭಾಷೆಯಲ್ಲಿ, ದೊಡ್ಡದಾಗಿ ಬರೆದು ಹಾಕಿ. ಕರೆಯನ್ನು ಹೊರಗೆ ಬಂದ ಮೇಲೆ ಮಾಡಿ.